ಲಿವರ್ ಕೊಡಬೇಕಿದ್ದ ವಸಂತ

ಕಳೆದ ತಿಂಗಳು ಕಾರಿನ ಟೈರು ಬದಲಾಯಿಸಲು ನಾನು ಕೆಲಸ ಮಾಡುವ ಕೆಂಟ್ ಊರಿಗೆ ಹೋಗಿದ್ದೆ. ಒಂದೂವರೆ ಗಂಟೆ ಆಗುತ್ತದೆ ಅಂದರು. ಕೂತು ಬೇಜಾರಾಗಿ ಅಲ್ಲಿನ ಅಂಗಡಿ ಸಾಲಿನಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಯಾರೋ ಒಂದು ಬಾಗಿಲು ತೆರೆದು ಹೊರಗೆ ಬಂದರು, ಅವರ ಹಿಂದೆಯೇ ಸುಟ್ಟ ಮಾಚಿಪತ್ರೆಯ ವಾಸನೆ ಬಂತು. ಮಾಚಿಪತ್ರೆ ನಮ್ಮ ಮೈಸೂರಿನಲ್ಲಿ ಹೂವಿನ ಜೊತೆ ಸೇರಿಸಿ ಕಟ್ಟುವ ಎಲೆ. ಚೀನಿ ವೈದ್ಯರು ಅದೇ ಜಾತಿಯ ಎಲೆಯನ್ನು ಒಣಗಿಸಿ, ಬತ್ತಿ ಮಾಡಿ, ಹೊತ್ತಿಸಿ, ಚರ್ಮಕ್ಕೆ ತಾಗದಂತೆ ಹತ್ತಿರ ಹಿಡಿದು ಕಾವು ಕೊಡುತ್ತಾರೆ. ಅದು ನಾನು ಒಂದು ಕಾಲಕ್ಕೆ ಹೋಗುತ್ತಿದ್ದ ಚೀನಿ ವೈದ್ಯರ ಜಾಗವೇ, ಆದರೆ ಬೋರ್ಡಿನ ಮೇಲಿನ ಹೆಸರು ಬದಲಾಗಿತ್ತು. ಒಳಗೆ ಹೋಗಿ ಹೇಳುವಂಥದ್ದು ಏನೂ ಇರಲಿಲ್ಲ, ಹೋಗಲಿಲ್ಲ. ಆದರೆ ಟೈರಿನವರು ಫೋನ್ ಮಾಡುವವರೆಗೂ ಅದೇ ಕಾಲುದಾರಿಯಲ್ಲಿ ಅಡ್ಡಾಡುತ್ತ ನಾಲ್ಕು ವರ್ಷದ ಹಿಂದಿನ ವಸಂತವನ್ನು ಮೊದಲಿಂದ ಕೊನೆಯವರೆಗೆ ನೆನಪು ಮಾಡಿಕೊಂಡೆ.

ಆ ವರ್ಷ ಚಳಿಗಾಲದ ನಡುವೆ ನನ್ನ ಗಂಡ ಸತೀಶನ ಅಕ್ಕ ಸುಮಿತ್ರಾ ಅವರ ಲಿವರ್ ಕೈಕೊಟ್ಟಿತು. ನನಗೆ ಅವರು ಅತ್ತಿಗೆ. ಉಡುಪಿ ಕಡೆಯವರು, ಬಹಳ ವರ್ಷದಿಂದ ಇಲ್ಲಿ, ಸಮುದ್ರದಂಚಿನ ಮುಕಿಲ್ಟಿಯೊ ಊರಿನಲ್ಲಿದ್ದಾರೆ, ಜೀವಮಾನದಲ್ಲಿ ಒಂದು ಹನಿ ಕುಡಿದವರಲ್ಲ. ಹಳೆಯ ಸಕ್ಕರೆ ಕಾಯಿಲೆ ಮತ್ತು ಲಿವರಿನಲ್ಲಿ ತುಂಬಿದ ಕೊಬ್ಬು ಸೇರಿ ಆ ಕೆಲಸ ಮಾಡಿದ್ದವು. ಕಣ್ಣು ಹಳದಿಯಾಯಿತು, ಹೊಟ್ಟೆಯಲ್ಲಿ ನೀರು ತುಂಬಿತು. ಒಂದು ಬೆಳಿಗ್ಗೆ ಕಾಫಿಗೆ ಉಪ್ಪು ಹಾಕಿ ಕೊಟ್ಟು, ಯಾಕೆ ಕುಡಿಯುತ್ತಿಲ್ಲ ಎಂದು ತಮ್ಮ ಗಂಡನನ್ನೇ, ಅಂದರೆ ನಮ್ಮ ಭಾವನನ್ನೇ, ಗದರಿದರಂತೆ. ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಪಟ್ಟಿಯಲ್ಲಿ ಹೆಸರು ಬರೆಸಿ ಸತ್ತವರ ಲಿವರಿಗೆ ಕಾಯುವುದು. ಇನ್ನೊಂದು, ಬದುಕಿರುವ ಯಾರಾದರೂ ತಮ್ಮದರ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೊಡುವುದು. ಕೊಟ್ಟವರಿಗೆ ಕೆಲವು ತಿಂಗಳಲ್ಲಿ ಅದು ಮತ್ತೆ ಬೆಳೆದುಕೊಳ್ಳುತ್ತದೆ.

ಸತೀಶನಿಗೂ ಸಕ್ಕರೆ. ಭಾವನಿಗೆ ವಯಸ್ಸಾಗಿತ್ತು. ಅವರ ಮಗನ ರಕ್ತದ ಗುಂಪು ಕೂಡಲಿಲ್ಲ. ನನ್ನದು ಓ ಪಾಸಿಟಿವ್, ನಲವತ್ತಾರು ವರ್ಷ, ಹೇಳಿಕೊಳ್ಳುವ ಕಾಯಿಲೆ ಇಲ್ಲ. ನಮ್ಮ ಮನೆಗಳಲ್ಲಿ ಇಂಥದ್ದನ್ನು ಬಾಯಿಬಿಟ್ಟು ಕೇಳುವುದಿಲ್ಲ. ಮುಕಿಲ್ಟಿಯೊದ ಊಟದ ಮೇಜಿನ ಸುತ್ತ ಕೂತ ಮೂವರು ಗಂಡಸರು ಒಮ್ಮೆ ನನ್ನನ್ನು ನೋಡಿ, ತಟ್ಟೆ ನೋಡಿಕೊಂಡರು. ನಾನು "ಟೆಸ್ಟ್ ಮಾಡಿಸ್ಕೋತೀನಿ" ಅಂದೆ. ಅಲ್ಲಿಂದ ಮುಂದೆ ಎಲ್ಲರ ಬಾಯಲ್ಲೂ ನಾನು ದೇವತೆಯಾದೆ.

ದೇವತೆಗೆ ಒಂದು ಹಳೆಯ ಸಿಟ್ಟಿತ್ತು. ಈ ದೇಶಕ್ಕೆ ಬಂದ ಹೊಸತರಲ್ಲಿ ನಾವು ಅತ್ತಿಗೆಯ ಮನೆಯಲ್ಲೇ ಇದ್ದೆವು. ಕೆಂಟಿನ ಕಂಪನಿಯಲ್ಲಿ ನನಗೆ ಇಂಟರ್‌ವ್ಯೂ ಇದ್ದ ದಿನ ಬೆಳಿಗ್ಗೆ, ನಾನು ಸ್ನಾನಕ್ಕೆ ಹೋಗಿದ್ದಾಗ, ಮೈಸೂರಿನಿಂದ ನನ್ನ ಅಣ್ಣ ಅವರ ಫೋನಿಗೆ ಕಾಲ್ ಮಾಡಿದ್ದ. ಅಮ್ಮ ಹೋಗಿಬಿಟ್ಟಿದ್ದಳು. ನಾನು ಹೊರಟು ಬರುವುದಾದರೆ ಐಸ್ ಪೆಟ್ಟಿಗೆ ತರಿಸಿ ಕಾಯುತ್ತೇವೆ ಎಂದು ಅಣ್ಣ ಕೇಳಿದನಂತೆ. ಅತ್ತಿಗೆ, "ಅವಳಿಗೆ ಬರ್ಲಿಕ್ಕೆ ಆಗುದಿಲ್ಲ, ನೀವು ಮುಗಿಸಿ" ಅಂದರು. ನನಗೆ ತಿಳಿಸಿದ್ದು ಸಂಜೆ, ಇಂಟರ್‌ವ್ಯೂ ಮುಗಿಸಿ ಬಂದು ಚಹಾ ಕುಡಿದ ಮೇಲೆ. "ಬೆಳಿಗ್ಗೆ ಹೇಳಿದ್ರೆ ನೀನು ಹೋಗಿ ಇಂಟರ್‌ವ್ಯೂ ಕೊಡ್ತಿದ್ಯಾ? ಕೆಲಸ ಸಿಗ್ತದಲ್ಲ ಈಗ" ಎಂದರು. ಕೆಲಸ ಸಿಕ್ಕಿತು, ಈಗಲೂ ಅದೇ ಕೆಲಸದಲ್ಲಿದ್ದೇನೆ. ಅವರು ಅದನ್ನು ಒಂದು ಉಪಕಾರವೆಂದೇ ತಿಳಿದಿದ್ದರು. ನಾನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಹಬ್ಬಕ್ಕೆ ಹೋಗುತ್ತಿದ್ದೆ, ಪಾತ್ರೆ ತೊಳೆದುಕೊಡುತ್ತಿದ್ದೆ, ನಗುತ್ತಿದ್ದೆ.

ನನ್ನ ಕೆಲಸ ವಿಮಾನದ ಸಣ್ಣ ಭಾಗಗಳನ್ನು ಅಳೆಯುವುದು. ಗೇಜು ಅನ್ನುವ ಅಳತೆ ಕಡ್ಡಿಯ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ಹೋಗಬಾರದು. ಹೋಗಬಾರದ್ದು ಹೋದರೆ ಆ ಭಾಗಕ್ಕೆ ತಿರಸ್ಕಾರದ ಕೆಂಪು ಚೀಟಿ. ಆ ಫೆಬ್ರವರಿಯಲ್ಲಿ ಬೆಂಚಿನ ಮುಂದೆ ಕೂತರೆ ಬಲ ಪಕ್ಕೆಯ ಕೆಳಗೆ ಬಿಗಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ. ಗಂಟೆಗೆ ಹತ್ತು ಸಲ ನಿಟ್ಟುಸಿರು ಬಿಡುತ್ತೀಯ ಎಂದು ಪಕ್ಕದ ಬೆಂಚಿನ ಹೆಂಗಸು ಲೆಕ್ಕ ಕೊಟ್ಟಳು. ಆಸ್ಪತ್ರೆಯವರು ದಾನಿಯೆಂದು ನನ್ನನ್ನು ತಲೆಯಿಂದ ಕಾಲಿನವರೆಗೆ ಪರೀಕ್ಷೆ ಮಾಡಿದ್ದರು, ಎಲ್ಲ ಸರಿಯಿತ್ತು. ಊಟದ ಬಿಡುವಿನಲ್ಲಿ ಹೋಗಿಬರುವಷ್ಟು ಹತ್ತಿರದಲ್ಲಿ ಒಬ್ಬ ಚೀನಿ ವೈದ್ಯರಿದ್ದಾರೆ ಎಂದು ಅದೇ ಹೆಂಗಸು ವಿಳಾಸ ಕೊಟ್ಟಳು.

ಡಾಕ್ಟರ್ ಲೂ ಎಪ್ಪತ್ತರ ಆಸುಪಾಸಿನವರು. ಅವರ ಇಂಗ್ಲಿಷ್ ನನ್ನದಕ್ಕಿಂತ ಕಡಿಮೆ, ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ನಾಲಿಗೆ ಚಾಚಲು ಹೇಳಿದರು, ಚಾಚಿದೆ. "ಕೆರೆದುಕೊಂಡು ಬಂದಿದ್ದೀರಿ" ಅಂದರು. ಡಾಕ್ಟರಿಗೆ ತೋರಿಸುವ ನಾಲಿಗೆ ಎಂದು ಆ ದಿನ ಎರಡು ಸಲ ಕೆರೆದಿದ್ದೆ. ಅವರಿಗೆ ಬೇಕಾದದ್ದೇ ಅದರ ಮೇಲಿನ ಪದರವಂತೆ. "ಇಂಡಿಯಾದವರು ಎಲ್ಲರೂ ಹೀಗೆ. ನಾನು ಓದಬೇಕಾದ ಹಾಳೆಯನ್ನು ತೊಳೆದು ತರುತ್ತೀರಿ." ನಾಲಿಗೆ ಬಿಟ್ಟು ಎಡ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರು. ನಡುವಿನ ಬೆರಳಿನ ಕೆಳಗೆ ಸಿಗುವುದು ಲಿವರಿನ ನಾಡಿ. ನನ್ನದು ಬಿಗಿದ ತಂತಿಯಂತಿದೆ ಅಂದರು.

"ಲಿವರ್. ಸಿಟ್ಟು ನುಂಗಿದ್ದೀರಿ. ಯಾರ ಮೇಲೆ?"

"ಯಾರ ಮೇಲೂ ಇಲ್ಲ."

"ಸರಿ" ಎಂದು ಕಾಲಿನ ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳಿನ ನಡುವೆ ಒಂದು ಸೂಜಿ ಚುಚ್ಚಿದರು.

ವಾರಕ್ಕೊಂದು ಸಲ ಹೋದೆ. ಸೂಜಿ ಚುಚ್ಚಿ ಇಪ್ಪತ್ತು ನಿಮಿಷ ಮಲಗಿಸುತ್ತಿದ್ದರು. ಆ ಇಪ್ಪತ್ತು ನಿಮಿಷ ಅವರು ಅಲ್ಲೇ ಸ್ಟೂಲಿನ ಮೇಲೆ ಕೂತು ಲಿವರಿನ ಬಗ್ಗೆ ಹೇಳುತ್ತಿದ್ದರು. ನಾನು ಶಾಲೆಯಲ್ಲಿ ಪಿತ್ತಜನಕಾಂಗ ಎಂದು ಓದಿದ್ದೆ, ಚಿತ್ರ ಬರೆದು ಕಂದು ಬಣ್ಣ ತುಂಬಿದ್ದೆ. ಅವರ ಲಿವರ್ ಆ ಮಾಂಸದ ಮುದ್ದೆಯಲ್ಲ, ಒಂದು ಹುದ್ದೆ. ಮೈಯಲ್ಲಿ ಹರಿಯಬೇಕಾದದ್ದೆಲ್ಲ ತಡೆಯಿಲ್ಲದೆ ಹರಿಯುವಂತೆ ನೋಡಿಕೊಳ್ಳುವುದು ಅದರ ಕೆಲಸ. ನಾವು ಮಲಗಿದಾಗ ರಕ್ತ ಅಲ್ಲಿಗೆ ವಾಪಸಾಗುತ್ತದೆ. ಕಣ್ಣು ಅದರ ಕಿಟಕಿ, ಉಗುರಿನಲ್ಲಿ ಅದರ ಗುಣ ಕಾಣುತ್ತದೆ, ಹುಳಿ ಅದರ ರುಚಿ, ಹಸಿರು ಅದರ ಬಣ್ಣ. ಸಿಟ್ಟು ಒಳಗೇ ನಿಂತರೆ ಮೊದಲು ಕೆಡುವುದು ಅದು. ವಸಂತ ಅದರ ಕಾಲ, ಆಗಲೇ ಅದು ಏಳುವುದೂ ಆಗಲೇ ಕಾಟ ಕೊಡುವುದೂ. ನಾನು ನಂಬಿದೆನೇ? ನಂಬಲಿಲ್ಲ. ಹೀಗೆ ಒಂದು ಅಂಗಕ್ಕೆ ಇಷ್ಟು ಇಲಾಖೆ ಕೊಟ್ಟರೆ ಯಾವುದನ್ನೂ ಗೇಜು ಹಾಕಿ ಅಳೆಯಲು ಬರುವುದಿಲ್ಲ. ಆದರೆ ಹೊರಗೆ ತುಂತುರು ಮಳೆ, ಪಾರ್ಕಿಂಗ್ ಲಾಟಿನ ಚೆರಿ ಮರಗಳಲ್ಲಿ ಹೂವು, ಪ್ರತಿ ಕಾರಿನ ಮೇಲೂ ಹಳದಿ ಪರಾಗದ ಪುಡಿ. ಒಳಗೆ ಮಾಚಿಪತ್ರೆಯ ಹೊಗೆ. ಪಕ್ಕೆಯ ಬಿಗಿ ಸ್ವಲ್ಪ ಇಳಿಯುತ್ತಿತ್ತು, ಅದು ಸೂಜಿಯಿಂದಲೋ ಯಾರೋ ಒಬ್ಬರು ಇಪ್ಪತ್ತು ನಿಮಿಷ ಪಕ್ಕದಲ್ಲಿ ಕೂತದ್ದರಿಂದಲೋ ಗೊತ್ತಿಲ್ಲ.

ಎರಡನೆಯ ಸಲ ಹೋದಾಗಲೇ ದಾನದ ವಿಷಯ ಹೇಳಿದ್ದೆ. ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಹಾಗಾದರೆ ನಾನು ಯಾವ ಬೇರನ್ನೂ ಸೊಪ್ಪನ್ನೂ ಕೊಡುವುದಿಲ್ಲ. ಸೂಜಿ ಮಾತ್ರ. ಅದನ್ನೂ ಆಸ್ಪತ್ರೆಯಲ್ಲಿ ಕೇಳಿಕೊಂಡು ಬನ್ನಿ" ಎಂದರು. ಕೇಳಿದೆ, ಅಡ್ಡಿಯಿಲ್ಲ ಎಂದರು. ಆಸ್ಪತ್ರೆಯ ಅರ್ಜಿಯಲ್ಲಿ ಔಷಧಿ, ವಿಟಮಿನ್, ಗಿಡಮೂಲಿಕೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂಬ ಪ್ರಶ್ನೆಗೆ ನಾನು ಮೊದಲೇ ಇಲ್ಲ ಎಂದು ಬರೆದುಕೊಟ್ಟಿದ್ದೆ.

ಮಾರ್ಚಿನಲ್ಲಿ ಅತ್ತಿಗೆ ಒಂದು ದೊಡ್ಡ ಬಾಟಲಿ ಕಷಾಯದ ಪುಡಿ ಕೊಟ್ಟು ಕಳಿಸಿದರು. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿ, ಜೊತೆಗೆ ಊರಿಂದ ತರಿಸಿದ ಅಮೃತಬಳ್ಳಿಯ ಒಣ ಕಾಂಡ, ಎಲ್ಲ ಅವರೇ ಹುರಿದು ಪುಡಿ ಮಾಡಿದ್ದು. ಅವರಿಗೆ ಡಾಕ್ಟರು ಕುಡಿಯುವ ನೀರನ್ನು ಅಳತೆ ಮಾಡಿ ಕೊಡುತ್ತಿದ್ದರು. ಫೋನಿನಲ್ಲಿ, "ನಂಗೆ ಈಗ ನೀರೇ ಲೆಕ್ಕ, ಕಷಾಯ ಎಲ್ಲಿ ಕುಡಿಯುದು? ನೀನು ದಿನಾ ಎರಡು ಸಲ ಕುಡಿ. ಗಟ್ಟಿಯಾಗ್ಬೇಕಲ್ಲ ಮಾರಾಯ್ತಿ, ನಿನ್ನ ಮೇಲೆ ಎಷ್ಟು ಭಾರ ಉಂಟು" ಎಂದರು. ದನಿ ಸೋತಿತ್ತು. ನಾನು ಬೆಳಿಗ್ಗೆ ಒಂದು ಲೋಟ, ಸಂಜೆ ಕೆನ್ಮೋರಿನ ನಮ್ಮ ಮನೆಗೆ ಬಂದು ಒಂದು ಲೋಟ ಕುಡಿದೆ. ಹೇಳಿದ್ದನ್ನು ಮಾಡುವುದು ನನಗೆ ರೂಢಿಯಾಗಿತ್ತು.

ಏಪ್ರಿಲ್ ಕೊನೆಗೆ ಆಪರೇಷನ್ ಗೊತ್ತು ಮಾಡುವ ಮುಂಚೆ ಇನ್ನೊಮ್ಮೆ ರಕ್ತ ತೆಗೆದರು. ಮರುದಿನ ದಾನಿಗಳನ್ನು ನೋಡಿಕೊಳ್ಳುವ ನರ್ಸ್ ಫೋನ್ ಮಾಡಿದಳು. ಲಿವರಿಗೆ ಪೆಟ್ಟು ಬಿದ್ದಾಗ ರಕ್ತದಲ್ಲಿ ಏರುವ ಎನ್‌ಜೈಮ್ ಇರಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ಕಾರಣ ಗೊತ್ತಾಗುವವರೆಗೆ ಎಲ್ಲ ನಿಲ್ಲಿಸಿದ್ದೇವೆ ಎಂದಳು. ನನಗೆ ಮೊದಲು ಬಂದದ್ದು ನೆಮ್ಮದಿ. ನಾಚಿಕೆ ಆಮೇಲೆ ಬಂತು, ಆದರೆ ನೆಮ್ಮದಿಯನ್ನು ಓಡಿಸುವಷ್ಟು ಬರಲಿಲ್ಲ.

ಸತೀಶ ಅಡುಗೆಮನೆಯಲ್ಲಿ ನಿಂತು, "ಆ ಚೀನಾದವನೇ ಏನೋ ಕುಡಿಸಿದಾನೆ. ಅಕ್ಕನ ಜೀವದ ಪ್ರಶ್ನೆ ರೇವತಿ, ನಿಂಗೆ ಅಲ್ಲಿ ಹೋಗ್ಲಿಕ್ಕೆ ಎಂತ ಇತ್ತು?" ಎಂದ. ಏನೂ ಕುಡಿಸಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಮರುದಿನ ಊಟದ ಬಿಡುವಿನಲ್ಲಿ ಹೋಗಿ ಡಾಕ್ಟರ್ ಲೂ ಮೇಲೆ ಕೂಗಾಡಿದೆ. ಸೂಜಿಗೆ ಏನು ಹಚ್ಚಿದ್ದಿರಿ ಎಂದೆ, ಹೊಗೆಯಲ್ಲಿ ಏನಿತ್ತು ಎಂದೆ, ಒಬ್ಬರ ಜೀವ ಹೋಗುತ್ತೆ ಎಂದೆ. ಕಾಯುತ್ತಿದ್ದ ಇಬ್ಬರು ಎದ್ದು ಹೊರಗೆ ಹೋದರು. ಅಷ್ಟು ಜೋರಾಗಿ ನಾನು ಮೊದಲು ಯಾವತ್ತೂ ಮಾತಾಡಿರಲಿಲ್ಲ. ಅವರು ನನ್ನ ಕೂಗಾಟ ಮುಗಿಯುವವರೆಗೆ ಕಾದು, ಕಪಾಟಿನಿಂದ ನನ್ನ ಕಾರ್ಡು ತೆಗೆದು ತೋರಿಸಿದರು. ಪ್ರತಿ ಭೇಟಿಯ ಮುಂದೆ ಸೂಜಿಯ ಜಾಗಗಳು. ಮೂಲಿಕೆಯ ಕಾಲಂ ಖಾಲಿ.

"ಮನೆಯಲ್ಲಿ ಏನು ತೆಗೆದುಕೊಳ್ಳುತ್ತೀರಿ?"

"ಏನೂ ಇಲ್ಲ."

"ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಹೋಗುವುದೆಲ್ಲ ಹೇಳಿ."

"ಕಾಫಿ. ಇಡ್ಲಿ ಅಥವಾ ಬ್ರೆಡ್. ಕಷಾಯ. ಮಧ್ಯಾಹ್ನ ಅನ್ನ, ಸಾರು..."

"ಕಷಾಯ ಅಂದರೆ?"

ಹೇಳಿದೆ. ಅಮೃತಬಳ್ಳಿಯ ಫೋಟೋವನ್ನು ಫೋನಿನಲ್ಲಿ ಹುಡುಕಿ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಕಾಂಡ. ಒಣಗಿಸಿ, ಪುಡಿ ಮಾಡಿ, ಕುದಿಸಿ, ಸೋಸಿ, ದಿನಕ್ಕೆ ಎರಡು ಸಲ. ಎಷ್ಟು ವಾರದಿಂದ?"

"ಆರೇಳು ವಾರ. ಆದರೆ ಅದು ಔಷಧಿಯಲ್ಲ ಡಾಕ್ಟರ್, ಕಷಾಯ. ಮನೆಯಲ್ಲಿ ಮಕ್ಕಳೂ ಕುಡೀತಾರೆ."

ಅವರು ನಕ್ಕರು. ನನ್ನ ಕೂಗಾಟಕ್ಕೆ ಸೇಡು ತೀರಿಸಿಕೊಳ್ಳುವ ನಗುವಲ್ಲ, ನಿಜವಾಗಿಯೇ ನಗು ಬಂದಿತ್ತು. "ನಮ್ಮಲ್ಲಿ ಇದಕ್ಕೇ ಔಷಧಿ ಅನ್ನುತ್ತಾರೆ. ನನ್ನ ಅಪ್ಪ ನಲವತ್ತು ವರ್ಷ ಮಾಡಿದ್ದು ಇದನ್ನೇ" ಎಂದರು. ಆ ಬಳ್ಳಿ ಎಲ್ಲರಿಗೂ ಆಗುವುದಿಲ್ಲ, ಕೆಲವರ ಲಿವರಿಗೆ ಪೆಟ್ಟು ಕೊಡುತ್ತದೆ ಎಂದು ಆಮೇಲೆ ಆಸ್ಪತ್ರೆಯವರೂ ಹೇಳಿದರು. ನರ್ಸ್ ಸಿಟ್ಟಾಗಲಿಲ್ಲ. ನಿಮ್ಮ ಕಡೆಯವರು ಆ ಪ್ರಶ್ನೆಗೆ ಯಾವಾಗಲೂ ಇಲ್ಲ ಎಂದೇ ಬರೆಯುತ್ತಾರೆ, ತಾನು ಅಡುಗೆಮನೆಯ ಬಗ್ಗೆ ಬೇರೆಯಾಗಿ ಕೇಳಬೇಕಿತ್ತು ಎಂದಳು.

ಕಷಾಯ ನಿಲ್ಲಿಸಿದೆ. ವಾರ ವಾರ ರಕ್ತ ಕೊಟ್ಟೆ. ಮುಕಿಲ್ಟಿಯೊದಲ್ಲಿ ಅತ್ತಿಗೆಗೆ ವಿಷಯ ತಿಳಿದು, ಎರಡು ದಿನ ಊಟ ಬಿಟ್ಟರಂತೆ. ಅವರ ಹೊಟ್ಟೆಯಿಂದ ನೀರು ತೆಗೆಯಲು ಆಗ ವಾರಕ್ಕೊಮ್ಮೆ ಕರೆದೊಯ್ಯುತ್ತಿದ್ದರು. ನನ್ನ ಎನ್‌ಜೈಮ್ ಮೇ ಕೊನೆಯ ಹೊತ್ತಿಗೆ ಪೂರ್ತಿ ಇಳಿಯಿತು. ಮಳೆ ನಿಂತು ಬೆಟ್ಟ ಕಾಣುವ ದಿನಗಳು ಶುರುವಾಗಿದ್ದವು. ಅಳತೆಯ ಪ್ರಕಾರ ನನ್ನಲ್ಲಿ ಯಾವ ದೋಷವೂ ಉಳಿದಿರಲಿಲ್ಲ.

ಆಪರೇಷನ್ ಗೊತ್ತು ಮಾಡುವ ಮೊದಲು ಒಬ್ಬ ಹೆಂಗಸು ನನ್ನನ್ನು ಮಾತ್ರ ಒಂದು ಕೋಣೆಗೆ ಕರೆದಳು. ಅವಳು ರೋಗಿಯ ಕಡೆಯವಳಲ್ಲ, ದಾನಿಯ ಪರವಾಗಿ ಇರುವವಳು. ಸತೀಶನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿ, "ನಿಮಗೆ ಇದು ಇಷ್ಟವೇ?" ಎಂದು ಕೇಳಿದಳು. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಇಷ್ಟವಿಲ್ಲದಿದ್ದರೆ, ದಾನಕ್ಕೆ ಯೋಗ್ಯರಲ್ಲ ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ, ಕಾರಣ ಹೇಳುವುದಿಲ್ಲ, ಯಾರು ಕೇಳಿದರೂ ಹೇಳುವುದಿಲ್ಲ ಎಂದಳು. ಒಂದು ವಾರ ಟೈಮ್ ಕೇಳಿದೆ.

ಆ ವಾರ ಡಾಕ್ಟರ್ ಲೂ ಹತ್ತಿರ ಹೋಗಿ, ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ನಾಡಿ ನೋಡಿದರು. "ಕೂಗಾಡಿದ ಮೇಲೆ ಉತ್ತಮವಾಗಿದೆ" ಎಂದರು. ನಾನು ಆಪರೇಷನ್ನಿನ ವಿವರ ಹೇಳಿದೆ, ಲಿವರಿನ ಬಲಭಾಗ ತೆಗೆಯುವಾಗ ಪಿತ್ತಕೋಶವನ್ನೂ ತೆಗೆದುಬಿಡುತ್ತಾರಂತೆ ಎಂದೆ. ಅವರಿಗೆ ಅದು ಹೊಸದು. ಅವರ ಶಾಸ್ತ್ರದಲ್ಲಿ ಲಿವರ್ ದಂಡನಾಯಕ, ಯೋಜನೆ ಹಾಕುವುದು ಅದರ ಕೆಲಸ. ತೀರ್ಮಾನ ಮಾಡುವುದು ಮಾತ್ರ ಪಕ್ಕದಲ್ಲಿರುವ ಪಿತ್ತಕೋಶ.

"ಹಾಗಾದರೆ ಅದು ಇರುವಾಗಲೇ ತೀರ್ಮಾನ ಮಾಡಿಬಿಡಿ" ಎಂದರು.

ಅಮ್ಮನ ಕಥೆಯನ್ನು ಅವರಿಗೆ ಹೇಳಿದೆ. ಸತೀಶನಿಗೂ ಅಷ್ಟು ಪೂರ್ತಿಯಾಗಿ ಹೇಳಿರಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಸೂಜಿ ಹಾಕಿ ಪಕ್ಕದಲ್ಲಿ ಕೂತರು.

ವಾರದ ಕೊನೆಗೆ ದಾನಿಯ ಪರವಾಗಿದ್ದ ಆ ಹೆಂಗಸಿಗೆ ನಾನು ಒಲ್ಲೆ ಅಂದೆ. ಭಯವಿತ್ತು, ಮಗಳು ಇನ್ನೂ ಕಾಲೇಜಿನಲ್ಲಿದ್ದಳು, ಅದೆಲ್ಲ ನಿಜ. ಆದರೆ ಅದು ಕಾರಣವಲ್ಲ. ಟೆಸ್ಟಿಗಷ್ಟೇ ಹೂಂ ಅಂದಿದ್ದ ನನ್ನನ್ನು ಕೇಳದೆ ಮನೆಯವರು ನನ್ನ ಪರವಾಗಿ ಇನ್ನೊಂದು ಸಲ "ಆಗುತ್ತದೆ" ಎಂದು ಹೇಳಿಬಿಟ್ಟಿದ್ದರು, ಮೊದಲ ಸಲ "ಆಗುದಿಲ್ಲ" ಎಂದವರ ಸಲುವಾಗಿಯೇ. ಅವರು ಸಾಯಲಿ ಎಂದು ನಾನು ಬಯಸಲಿಲ್ಲ. ಅವರು ಬದುಕಲಿ, ನನ್ನದರಿಂದ ಬೇಡ ಎಂದು ಬಯಸಿದೆ. ಇದು ಕೆಟ್ಟದ್ದೆಂದು ಆಗಲೂ ಗೊತ್ತಿತ್ತು.

ಆಸ್ಪತ್ರೆ ಮಾತು ಉಳಿಸಿಕೊಂಡಿತು. ಯೋಗ್ಯರಲ್ಲ ಎಂದಷ್ಟೇ ತಿಳಿಸಿತು. ಮನೆಯವರಿಗೆ ಕಾರಣ ಬೇಕಿರಲಿಲ್ಲ, ಅವರ ಹತ್ತಿರ ಒಂದು ಆಗಲೇ ಇತ್ತು. ಕಷಾಯ ಒಳಗೇ ಏನೋ ಶಾಶ್ವತವಾಗಿ ಕೆಡಿಸಿರಬೇಕು ಎಂದು ಭಾವ ಹೇಳಿದರು, ಸತೀಶ ಹೌದೆಂದ. ನಾನು ಅಲ್ಲ ಎನ್ನಲಿಲ್ಲ. ಬೇಸಿಗೆಯಿಡೀ ಫೋನ್ ಹೊಡೆದುಕೊಂಡಾಗಲೆಲ್ಲ ಮೊದಲು ಯಾರ ನಂಬರೆಂದು ನೋಡುತ್ತಿದ್ದೆ. ಎರಡು ಸಲ ಅತ್ತಿಗೆಯನ್ನು ಐಸಿಯುಗೆ ಹಾಕಿದರು. ಎರಡನೆಯ ಸಲ ಅವರಿಗೆ ನನ್ನ ಗುರುತು ಹತ್ತಲಿಲ್ಲ. ಆವತ್ತು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತು, ಈಗಲೂ ಹೋಗಿ ಹೂಂ ಅನ್ನಬಹುದು ಎಂದುಕೊಂಡೆ. ಅರ್ಧ ಗಂಟೆ ಕೂತೆ. ಆಮೇಲೆ ಮನೆಗೆ ಡ್ರೈವ್ ಮಾಡಿದೆ. ಅಕ್ಟೋಬರಿನಲ್ಲಿ, ಯಾರೋ ಗೊತ್ತಿಲ್ಲದವರು ಸತ್ತು, ಅತ್ತಿಗೆಗೆ ಅವರ ಲಿವರ್ ಸಿಕ್ಕಿತು.

ಮುಂದಿನ ಜುಲೈಯಲ್ಲಿ ಮುಕಿಲ್ಟಿಯೊದ ಮನೆಯ ಹಿತ್ತಲಲ್ಲಿ ಊಟಕ್ಕೆ ಕೂತಿದ್ದೆವು. ಕೆಳಗೆ ಫೆರ್ರಿ ಹೊರಡುತ್ತಿತ್ತು. ಗಂಡಸರು ಒಳಗೆ ಟಿವಿ ನೋಡುತ್ತಿದ್ದರು. ಅತ್ತಿಗೆಯ ಕಣ್ಣಿನ ಹಳದಿ ಹೋಗಿತ್ತು, ಮೈ ಸ್ವಲ್ಪ ತುಂಬಿಕೊಂಡಿತ್ತು. ನೀರುದೋಸೆ ತಿನ್ನುತ್ತಿದ್ದವರು ಕೈ ತಡೆದು ನನ್ನ ಕಡೆ ತಿರುಗಿದರು.

"ರೇವತಿ, ನಾನು ನಿಂಗೊಂದು ದೊಡ್ಡ ಅನ್ಯಾಯ ಮಾಡಿದೆ. ಇಷ್ಟು ದಿನ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ."

ನಾನು ತಟ್ಟೆ ಕೆಳಗಿಟ್ಟೆ. ಅಮ್ಮ ಹೋದ ದಿನದಿಂದ ನಾನು ಕಾದಿದ್ದು ಆ ಮಾತಿಗೆ. ಅವರ ಮುಂದೆ ನಿಜ ಹೇಳಿಬಿಡುತ್ತೇನೆ, ಇಬ್ಬರೂ ಅತ್ತು ಮುಗಿಸುತ್ತೇವೆ ಎಂದು ಆ ಒಂದು ಕ್ಷಣದಲ್ಲಿ ಅನಿಸಿತು.

"ಆ ಕಷಾಯ" ಎಂದರು. "ನೀನು ಪ್ರಾಣ ಕೊಡ್ಲಿಕ್ಕೆ ನಿಂತವಳು. ನನ್ನ ಕೈಯಾರೆ ನಿನ್ನ ಲಿವರ್ ಹಾಳು ಮಾಡಿದೆ. ದಿನಾ ಯೋಚನೆ ಬರ್ತದೆ."

"ಹಾಳಾಗಿಲ್ಲ ಅತ್ತಿಗೆ, ಚೆನ್ನಾಗೇ ಇದೀನಿ."

"ಹಾಗೆ ತೇಲಿಸಬೇಡ. ಕ್ಷಮಿಸಿದ್ದೇನೆ ಅಂತ ಬಾಯಿಬಿಟ್ಟು ಹೇಳು, ನಂಗೆ ಸಮಾಧಾನ ಆಗ್ಲಿ."

ಅವರ ಎಡಗೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಬಿಡುವ ಹಾಗೆ ಕಾಣಲಿಲ್ಲ.

"ಕ್ಷಮಿಸಿದೀನಿ ಅತ್ತಿಗೆ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ದೋಸೆ ಹಾಕಲು ಹೇಳಿದರು. ಹಾಕಿದೆ.